ಕಾಣಿಕೆಯ ಕಾಸು, ಕಂದನ ಕಾವಲು

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಬರೆಯುವವರು ಅಡಿಗಲ್ಲಿನ ದಿನಾಂಕ, ಗೋಪುರದ ಎತ್ತರ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇವುಗಳಿಂದ ಪ್ರಾರಂಭಿಸುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ದೇವಾಲಯದ ಬಾಗಿಲ ಬಳಿ ಇರಿಸಿರುವ ಕಾಣಿಕೆಯ ಪೆಟ್ಟಿಗೆಗೂ ಒಂದು ಚರಿತ್ರೆಯುಂಟು. ಅದು ನಮ್ಮ ದೇವಾಲಯದ ಗೋಡೆಗಳಿಗಿಂತ ಎಷ್ಟೋ ಪಾಲು ಹಳೆಯದು. ಆ ಪೆಟ್ಟಿಗೆಯ ಕಾಸು ಯಾರ ಯಾರ ಪಾಲಿಗೆ ಅನ್ನವಾಯಿತು, ಹೊದಿಕೆಯಾಯಿತು, ಕಾವಲಾಯಿತು ಎಂಬುದನ್ನು ಹುಡುಕಿ ಹೊರಟರೆ ದಾರಿಯುದ್ದಕ್ಕೂ ನಮಗೆ ಎದುರಾಗುವುದು ಕೈಬಿಟ್ಟ ಕೂಸುಗಳು, ತಬ್ಬಲಿ ಮಕ್ಕಳು, ಏಟು ತಿಂದು ಮನೆ ಬಿಟ್ಟು ಓಡಿಬಂದ ಬಾಲಕರು. ಭಕ್ತರ ದಾನದಿಂದ ಮಕ್ಕಳ ರಕ್ಷಣೆಯ ಕಾರ್ಯ ಹೇಗೆ ನಡೆದುಬಂದಿತು, ಎಲ್ಲಿ ಅದು ಫಲಿಸಿತು, ಎಲ್ಲಿ ಎಡವಿತು ಎಂಬುದನ್ನು ಈ ಸಂಚಿಕೆಯ ಓದುಗರೊಡನೆ ಕೂಡಿ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಆದಿಸಭೆಯ ಪೆಟ್ಟಿಗೆ

ಪ್ರೇಷಿತರ ಕಾಲದಲ್ಲೇ ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಒಂದು ಪಾಲನ್ನು ಬೇರೆಯಾಗಿ ಇಡಬೇಕೆಂದು ಆದೇಶಿಸಿದ್ದರು. ಎರಡನೆಯ ಶತಮಾನದ ನಡುವಿನಲ್ಲಿ ಸಂತ ಯುಸ್ತಿನರು ಭಾನುವಾರದ ಪೂಜೆಯನ್ನು ವರ್ಣಿಸುವಾಗ, ಕೂಡಿಬಂದ ಕಾಣಿಕೆಯನ್ನು ಸಭೆಯ ಹಿರಿಯರ ವಶಕ್ಕೆ ಒಪ್ಪಿಸುತ್ತಿದ್ದರೆಂದೂ ಅವರು ಅದರಿಂದ ಅನಾಥರನ್ನೂ ವಿಧವೆಯರನ್ನೂ ಪೋಷಿಸುತ್ತಿದ್ದರೆಂದೂ ತಿಳಿಸಿದ್ದಾರೆ. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ತೆರ್ತುಲಿಯಾನರು ಕ್ರಿ. ಶ. 197ರ ಸುಮಾರಿಗೆ ಬರೆದ ಸಮರ್ಥನಾ ಗ್ರಂಥದಲ್ಲಿ ಇನ್ನೂ ಸ್ಪಷ್ಟವಾದ ವಿವರಣೆಯಿದೆ. ಸಭೆಗೆ ಒಂದು ಪೆಟ್ಟಿಗೆಯಿತ್ತು. ತಿಂಗಳಿಗೊಮ್ಮೆ, ಮನಸ್ಸುಳ್ಳವರು ಕೈಲಾದಷ್ಟನ್ನು ಅದಕ್ಕೆ ಹಾಕುತ್ತಿದ್ದರು. ಬಲವಂತವಿರಲಿಲ್ಲ. ಆ ಹಣ ಔತಣಕೂಟಗಳಿಗೆ ಹೋಗದೆ ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ಆಸ್ತಿಯೂ ತಂದೆತಾಯಿಗಳೂ ಇಲ್ಲದ ಹುಡುಗ ಹುಡುಗಿಯರ ಪೋಷಣೆಗೆ ವಿನಿಯೋಗವಾಗುತ್ತಿತ್ತು.

ಹುಟ್ಟಿದ ಮಗುವನ್ನು ಸಾಕುವುದೋ ಬೀದಿಗೆ ಎಸೆಯುವುದೋ ಎಂಬುದು ತಂದೆಯ ಇಚ್ಛೆಗೆ ಬಿಟ್ಟದ್ದೆಂದು ರೋಮನ್ ಸಮಾಜವು ಭಾವಿಸಿದ್ದ ಕಾಲವದು. ಅಂಥ ಕಾಲದಲ್ಲಿ ಯಾರದೋ ಮಗುವಿನ ಖರ್ಚನ್ನು ಇಡೀ ಸಮುದಾಯ ತನ್ನದೆಂದು ಬರೆದುಕೊಂಡದ್ದು ಸಣ್ಣ ಸಂಗತಿಯಲ್ಲ. ನಮ್ಮ ಕಾಣಿಕೆ ಡಬ್ಬಿಯ ವಂಶವೃಕ್ಷದ ಬೇರು ಅಲ್ಲಿದೆ.

ಫ್ಲಾರೆನ್ಸಿನ ತೊಟ್ಟಿಲು, ಪ್ಯಾರಿಸ್ಸಿನ ಹನ್ನೆರಡು ಕೂಸುಗಳು

ಮಧ್ಯಯುಗದ ಇಟಲಿಯಲ್ಲಿ ಈ ಸೇವೆಗೆ ಕಟ್ಟಡದ ರೂಪ ಬಂದಿತು. ಫ್ಲಾರೆನ್ಸ್ ನಗರದ ರೇಷ್ಮೆ ವ್ಯಾಪಾರಿಗಳ ಸಂಘವು ಕೈಬಿಟ್ಟ ಕೂಸುಗಳಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಲು 1419ರಲ್ಲಿ ಆರಂಭಿಸಿತು. ಪ್ರಾತೋ ಊರಿನ ವರ್ತಕ ಫ್ರಾಂಚೆಸ್ಕೊ ದಾತೀನಿ ತನ್ನ ಮರಣಶಾಸನದಲ್ಲಿ ಇದಕ್ಕಾಗಿ 1,000 ಫ್ಲಾರಿನ್ ಬಿಟ್ಟಿದ್ದನು. ಶಿಲ್ಪಿ ಬ್ರುನೆಲ್ಲೆಸ್ಕಿ ಅದರ ನಕ್ಷೆಯನ್ನು ಒದಗಿಸಿದನು. 1445ರ ಫೆಬ್ರವರಿ 5ರಂದು, ಸಂತ ಆಗತಳ ಹಬ್ಬದ ದಿನ, ಅಲ್ಲಿಗೆ ಬಂದ ಮೊದಲ ಕೂಸಿಗೆ ಆಗತ ಎಂದೇ ಹೆಸರಿಟ್ಟರು. ಹೆಸರಿಲ್ಲದೆ ಬಂದ ಮಗುವಿಗೆ ಹೆಸರು ದೊರೆಯಿತು. ಆ ಹೆಸರು ದಫ್ತರದಲ್ಲಿ ದಾಖಲಾಯಿತು. ಮಕ್ಕಳ ರಕ್ಷಣೆಯಲ್ಲಿ ಈ ದಾಖಲೆಯ ಮಹತ್ವವನ್ನು ಮುಂದೆ ನೋಡಲಿದ್ದೇವೆ.

ಇದಾದ ಎರಡು ಶತಮಾನಗಳ ಮೇಲೆ ಪ್ಯಾರಿಸ್ ನಗರದಲ್ಲಿ ವರ್ಷಕ್ಕೆ ಮುನ್ನೂರು ನಾನೂರು ಕೂಸುಗಳು ಬೀದಿಗಳಲ್ಲೂ ಚರ್ಚುಗಳ ಮೆಟ್ಟಿಲುಗಳಲ್ಲೂ ದೊರೆಯುತ್ತಿದ್ದವು. ಅವುಗಳನ್ನು ಒಬ್ಬ ವಿಧವೆ ಮತ್ತು ಇಬ್ಬರು ಸೇವಕಿಯರಿದ್ದ ಒಂದು ಮನೆಗೆ ಒಪ್ಪಿಸಲಾಗುತ್ತಿತ್ತು. ಹಾಲುಣಿಸುವ ದಾದಿಯರಿಗೆ ಕೊಡಲು ಹಣವಿರಲಿಲ್ಲ. ಹೆಚ್ಚಿನ ಕೂಸುಗಳು ಸಾಯುತ್ತಿದ್ದವು; ಕೆಲವನ್ನು ಪುಡಿಗಾಸಿಗೆ ಭಿಕ್ಷುಕರಿಗೆ ಮಾರಿದ್ದೂ ಉಂಟು. ಈ ಸ್ಥಿತಿಯನ್ನು ಅರಿತ ಸಂತ ವಿನ್ಸೆಂಟ್ ದೆ ಪೌಲರು ತಾವು ಸ್ಥಾಪಿಸಿದ್ದ ದಯಾಸೇವೆಯ ಮಹಿಳಾಸಂಘದ ಸದಸ್ಯೆಯರನ್ನು ಆ ಮನೆಗೆ ಕಳುಹಿಸಿದರು. ಎಲ್ಲ ಕೂಸುಗಳನ್ನೂ ವಹಿಸಿಕೊಳ್ಳುವಷ್ಟು ಹಣ ಅವರಲ್ಲಿರಲಿಲ್ಲ. 1638ರಲ್ಲಿ ಚೀಟಿ ಎತ್ತಿ ಹನ್ನೆರಡು ಕೂಸುಗಳನ್ನು ಮಾತ್ರ ತಂದರು. ಅವುಗಳ ಪಾಲನೆಯನ್ನು ಸಂತ ಲೂಯಿಸ್ ದೆ ಮರಿಯಾಕರೂ ಅವರ ಸಹೋದರಿಯರೂ ವಹಿಸಿಕೊಂಡರು. ಚೀಟಿಯಲ್ಲಿ ಹೆಸರು ಬಾರದ ಕೂಸುಗಳ ಗತಿಯೇನು ಎಂಬ ಪ್ರಶ್ನೆ ಆ ಸದಸ್ಯೆಯರನ್ನು ಸುಮ್ಮನಿರಗೊಡಲಿಲ್ಲ. 1640ರಲ್ಲಿ ಎಲ್ಲ ಕೂಸುಗಳನ್ನೂ ವಹಿಸಿಕೊಳ್ಳುವ ನಿರ್ಣಯವಾಯಿತು.

ಹಣದ ಅಭಾವ ಮಾತ್ರ ತೀರಲಿಲ್ಲ. 1640ರ ದಶಕದ ಕೊನೆಯಲ್ಲಿ ಅಂತರ್ಯುದ್ಧದ ದೆಸೆಯಿಂದ ದೇಣಿಗೆಗಳು ಬತ್ತಿದಾಗ ಈ ಸೇವೆಯನ್ನೇ ಕೈಬಿಡುವ ಮಾತು ಬಂದಿತು. ಆಗ ಸಂತ ವಿನ್ಸೆಂಟರು ಆ ಮಹಿಳೆಯರ ಸಭೆ ಕರೆದು, ಮಕ್ಕಳ ತಾಯಂದಿರಾಗಿರುವುದನ್ನು ಒಂದು ಗಳಿಗೆ ಬದಿಗಿಟ್ಟು ನ್ಯಾಯಾಧೀಶರಾಗಿ ಕುಳಿತುಕೊಳ್ಳಿರಿ, ಈ ಮಕ್ಕಳು ಬದುಕಬೇಕೋ ಸಾಯಬೇಕೋ ತೀರ್ಪು ಕೊಡಿರಿ ಎಂಬ ಅರ್ಥದಲ್ಲಿ ಮಾತನಾಡಿದರೆಂದು ಅವರ ಚರಿತ್ರಕಾರರು ದಾಖಲಿಸಿದ್ದಾರೆ. ಸೇವೆ ನಿಲ್ಲಲಿಲ್ಲ. ಅವರು ದೈವಾಧೀನರಾಗಿ ಹತ್ತು ವರ್ಷಗಳ ಮೇಲೆ, 1670ರಲ್ಲಿ, ಹದಿನಾಲ್ಕನೆಯ ಲೂಯಿ ರಾಜನ ಶಾಸನದಿಂದ ಆ ಮನೆಯು ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಯಾಯಿತು. ಮೊದಲು ಕೆಲವರ ಕರುಣೆ, ಬಳಿಕ ಹಲವರ ಕಾಣಿಕೆ, ಕೊನೆಗೆ ರಾಜ್ಯದ ಹೊಣೆ ಎಂಬ ಈ ಕ್ರಮವನ್ನು ಮಕ್ಕಳ ರಕ್ಷಣೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಹಣವಿದ್ದರೆ ಸಾಲದು

ಹಾಗಾದರೆ ಹಣವೊಂದಿದ್ದರೆ ಮಗು ಉಳಿಯುವುದೆ? ಈ ಪ್ರಶ್ನೆಗೆ ಹದಿನೆಂಟನೆಯ ಶತಮಾನದ ಲಂಡನ್ ನಗರವು ಕಠಿಣವಾದ ಉತ್ತರವನ್ನು ಕೊಟ್ಟಿದೆ. ಅಲ್ಲಿ ಥಾಮಸ್ ಕೋರಮ್ ಎಂಬ ನಿವೃತ್ತ ನಾವಿಕನು ಹದಿನೇಳು ವರ್ಷ ಮನೆಮನೆ ತಿರುಗಿ ಗಣ್ಯರ ಸಹಿ ಸಂಗ್ರಹಿಸಿ, 1739ರಲ್ಲಿ ರಾಜನಿಂದ ಸನ್ನದು ಪಡೆದು, ಕೈಬಿಟ್ಟ ಕೂಸುಗಳಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದನು. ಚಿತ್ರಕಾರ ಹೊಗಾರ್ತ್ ತನ್ನ ಚಿತ್ರಗಳನ್ನು ಕೊಟ್ಟನು. ಸಂಗೀತಗಾರ ಹ್ಯಾಂಡೆಲ್ 1750ರಿಂದ ಅಲ್ಲಿಯ ಪ್ರಾರ್ಥನಾಮಂದಿರದಲ್ಲಿ ತನ್ನ ‘ಮೆಸ್ಸಾಯ’ ಕೃತಿಯ ಸಹಾಯಾರ್ಥ ಕಚೇರಿಗಳನ್ನು ನಡೆಸಿ ದೊಡ್ಡ ಮೊತ್ತವನ್ನು ಕೂಡಿಸಿಕೊಟ್ಟನು. ಇಂದು ನಾವು ನಡೆಸುವ ಸಹಾಯಾರ್ಥ ಸಂಗೀತಕೂಟಗಳಿಗೆ ಇದು ಹಿರಿಯಣ್ಣನೆನ್ನಬಹುದು.

1756ರಲ್ಲಿ ಪಾರ್ಲಿಮೆಂಟು ಆ ಸಂಸ್ಥೆಗೆ ಧನಸಹಾಯ ನೀಡಿ, ಬಂದ ಕೂಸುಗಳೆಲ್ಲವನ್ನೂ ಸ್ವೀಕರಿಸಬೇಕೆಂದು ಷರತ್ತು ಹಾಕಿತು. ನಾಲ್ಕು ವರ್ಷಗಳೊಳಗೆ ಸುಮಾರು 15,000 ಕೂಸುಗಳು ಬಂದವು. ದೂರದ ಊರುಗಳಿಂದ ಕೂಸುಗಳನ್ನು ಹೊತ್ತು ತರುವುದೇ ಕೆಲವರಿಗೆ ಕಸುಬಾಯಿತು. ಆ ಮಕ್ಕಳಲ್ಲಿ ಬದುಕುಳಿದು ಕಸುಬು ಕಲಿಯುವ ವಯಸ್ಸು ಮುಟ್ಟಿದವರು ಸುಮಾರು 4,400 ಮಂದಿ ಮಾತ್ರ. ದಾನಿಗಳ ಮನಸ್ಸು ಒಳ್ಳೆಯದಿತ್ತು, ಬೊಕ್ಕಸದಲ್ಲಿ ಹಣವೂ ಇತ್ತು. ಇಲ್ಲದ್ದು ಎಳೆಯ ಕೂಸಿಗೆ ಬೇಕಾದ ಒಂದು ಮಡಿಲು ಮತ್ತು ಅದನ್ನು ಹೊತ್ತು ತಂದವನು ಯಾರೆಂದು ವಿಚಾರಿಸುವ ಎಚ್ಚರ. 1760ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು.

ತಿಂಗಳಿಗೊಂದು ಸೂ

ಹತ್ತೊಂಬತ್ತನೆಯ ಶತಮಾನದಲ್ಲಿ ದಾನಸಂಗ್ರಹದ ಕ್ರಮವೇ ಮಾರ್ಪಟ್ಟಿತು. ಶ್ರೀಮಂತರ ಬಾಗಿಲನ್ನು ಕಾಯುವ ಬದಲಿಗೆ ಬಡವರ ಬಿಡಿಕಾಸನ್ನು ಒಟ್ಟುಗೂಡಿಸುವ ಮಾರ್ಗವನ್ನು ತೋರಿಸಿದವರು ಫ್ರಾನ್ಸಿನ ಲಿಯೋನ್ ನಗರದ ಪೌಲಿನ್ ಜಾರಿಕೋ ಎಂಬ ತರುಣಿ. ಹತ್ತು ಮಂದಿಯ ಗುಂಪು, ಪ್ರತಿಯೊಬ್ಬರೂ ವಾರಕ್ಕೊಂದು ಸೂ. ಇದೇ 1822ರಲ್ಲಿ ಹುಟ್ಟಿದ ಧರ್ಮಪ್ರಚಾರ ಸಂಘದ ತಳಹದಿ. ಸೂ ಎಂಬುದು ನಮ್ಮ ಹಳೆಯ ಕಾಸಿನಂತೆ ಅಲ್ಪಬೆಲೆಯ ನಾಣ್ಯ. ಈ ಮಹಿಳೆಯನ್ನು 2022ರ ಮೇ 22ರಂದು ಧರ್ಮಸಭೆ ಪುನೀತೆಯೆಂದು ಘೋಷಿಸಿತು.

ಆಕೆಯೊಡನೆ ಸಮಾಲೋಚಿಸಿದ ನಾನ್ಸಿಯ ಧರ್ಮಾಧ್ಯಕ್ಷ ಷಾರ್ಲ್ ದ ಫೋರ್ಬಾನ್-ಜಾನ್ಸೋನರು 1843ರಲ್ಲಿ ಪ್ಯಾರಿಸ್ಸಿನಲ್ಲಿ ಪವಿತ್ರ ಬಾಲ್ಯ ಸಂಘವನ್ನು ಸ್ಥಾಪಿಸಿದರು. ಇಲ್ಲಿ ಕೊಡುವವರೂ ಮಕ್ಕಳೇ ಆಗಿದ್ದರು. ಬಾಲಯೇಸುವಿನ ಬಾಲ್ಯದ ಹನ್ನೆರಡು ವರ್ಷಗಳ ನೆನಪಿಗೆ ಹನ್ನೆರಡು ಮಕ್ಕಳ ಗುಂಪು. ಪ್ರತಿ ಮಗುವೂ ತಿಂಗಳಿಗೊಂದು ಸೂ ಮತ್ತು ದಿನಕ್ಕೊಂದು ಮರಿಯ ಪ್ರಾರ್ಥನೆ. ಚೀನ ದೇಶದಲ್ಲಿ ಕೈಬಿಟ್ಟ ಕೂಸುಗಳನ್ನು ಉಳಿಸುವುದು ಅದರ ಮೊದಲ ಗುರಿಯಾಗಿತ್ತು. ಮುಂದೆ ಇತರ ದೇಶಗಳ ಅನಾಥಾಲಯಗಳಿಗೂ ಅದರ ನೆರವು ಹರಿಯಿತು. 1922ರಲ್ಲಿ ಈ ಸಂಘವು ಜಗದ್ಗುರುಗಳ ನೇರ ಆಶ್ರಯಕ್ಕೆ ಸೇರಿತು.

ಇಷ್ಟು ನಿರ್ಮಲವಾದ ಕಾಸು ಕೂಡ ಅಪಾಯವನ್ನು ಹೊತ್ತು ತರಬಲ್ಲದೆಂಬುದಕ್ಕೆ 1870ರ ಜೂನ್ 21ರಂದು ಚೀನದ ಟಿಯೆಂಟ್ಸಿನ್ ನಗರದಲ್ಲಿ ನಡೆದ ದುರಂತವೇ ಸಾಕ್ಷಿ. ಅಲ್ಲಿಯ ಕನ್ಯಾಸ್ತ್ರೀಯರು ರೋಗಿಗಳೂ ಅನಾಥರೂ ಆದ ಮಕ್ಕಳನ್ನು ತಂದುಕೊಟ್ಟವರಿಗೆ ಸ್ವಲ್ಪ ಹಣ ಕೊಡುತ್ತಿದ್ದರು. ಉದ್ದೇಶ ಒಳ್ಳೆಯದೇ, ಆದರೆ ಮಕ್ಕಳನ್ನು ಕದ್ದು ತಂದು ಮಾರುತ್ತಾರೆಂಬ ವದಂತಿಗೆ ಅದೇ ಆಸ್ಪದವಾಯಿತು. ಸಾಂಕ್ರಾಮಿಕ ರೋಗದಿಂದ ಅನಾಥಾಲಯದಲ್ಲಿ ಅನೇಕ ಮಕ್ಕಳು ತೀರಿಕೊಂಡಾಗ ವದಂತಿ ಕ್ರೋಧವಾಗಿ ಹೊತ್ತಿತು. ಫ್ರೆಂಚ್ ರಾಜಪ್ರತಿನಿಧಿಯ ದುಡುಕು ಅದಕ್ಕೆ ಎಣ್ಣೆ ಸುರಿಯಿತು. ಹತ್ತು ಮಂದಿ ಕನ್ಯಾಸ್ತ್ರೀಯರೂ ಸೇರಿ ಅನೇಕರು ಹತರಾದರು. ಅವರ ಬಲಿದಾನವನ್ನು ಗೌರವದಿಂದ ಸ್ಮರಿಸುತ್ತಲೇ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮಗುವಿನ ಹೆಸರಿನಲ್ಲಿ ಹಣ ಕೈಬದಲಾಯಿಸಿದಲ್ಲಿ, ಆ ಮಗು ಎಲ್ಲಿಂದ ಬಂದಿತೆಂಬ ಲೆಕ್ಕವೂ ಹಗಲಿನಷ್ಟು ನಿಚ್ಚಳವಾಗಿರಬೇಕು.

ಅದೇ ಶತಮಾನದಲ್ಲಿ ಮನೆಯೊಳಗೇ ಮಗುವನ್ನು ಕಾಪಾಡುವ ಬೇರೊಂದು ಮಾರ್ಗವೂ ಬೆಳೆಯಿತು. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡ್ರಿಕ್ ಓಜಾನಾಮರೂ ಅವರ ಸಂಗಡಿಗರೂ ಪ್ರಾರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಬಡವರ ಮನೆಗಳಿಗೆ ತಾವೇ ಹೋಗುತ್ತಿದ್ದರು. ಸಭೆ ಸೇರಿದಾಗ ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದಂತೆ ಚೀಲ ಸುತ್ತಿಸಿ ಹಣ ಕೂಡಿಸುತ್ತಿದ್ದರು. ತಂದೆಗೆ ಕೆಲಸ, ತಾಯಿಗೆ ಔಷಧ ದೊರೆತರೆ ಮಗು ಬೀದಿಗೆ ಬೀಳುವುದಿಲ್ಲ. ಟ್ಯೂರಿನ್ ನಗರದ ಸಂತ ಜಾನ್ ಬಾಸ್ಕೊರವರು 1850ರ ದಶಕದಲ್ಲಿ ಸರ್ಕಾರದ ಅನುಮತಿ ಪಡೆದು ಲಾಟರಿಗಳನ್ನು ನಡೆಸಿ ತಮ್ಮ ಬಾಲಕರಿಗಾಗಿ ಹಣವೆತ್ತಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕಸುಬು ಕಲಿಯಲು ಬಾಲಕನನ್ನು ಒಪ್ಪಿಸುವಾಗ ಯಜಮಾನನೊಡನೆ ಲಿಖಿತ ಕರಾರು ಮಾಡಿಕೊಂಡು, ಹೊಡೆಯಕೂಡದು, ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಕೂಡದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳನ್ನು ಬರೆಸಿದರು. ಹೊಟ್ಟೆಗೆ ಹಾಕುವುದರ ಜೊತೆಗೆ ಮಗುವಿನ ಹಕ್ಕನ್ನು ಕಾಗದದ ಮೇಲೆ ಬರೆಸಿದ ದೂರದೃಷ್ಟಿಯಿದು.

ನಮ್ಮ ನೆರೆಯ ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು ಇದಕ್ಕೆ ನಮ್ಮ ಮಣ್ಣಿನ ರೂಪವನ್ನೇ ಕೊಟ್ಟರು. ಅಡುಗೆಗೆ ಅಕ್ಕಿ ಅಳೆಯುವಾಗ ಗೃಹಿಣಿಯು ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕುವುದು, ಅದನ್ನು ಚರ್ಚಿಗೆ ತಂದೊಪ್ಪಿಸುವುದು, ಅದರಿಂದ ಶಾಲೆಗೆ ಬರುವ ಬಡ ಮಕ್ಕಳಿಗೆ ಊಟ ಬಟ್ಟೆ ಒದಗಿಸುವುದು. ಕೈಯಲ್ಲಿ ಕಾಸು ಕಾಣದ ಮನೆಯೂ ದಾನಿಯಾಗಲು ಸಾಧ್ಯವಾಯಿತು.

ಧಾತು-ಈಶ್ವರ ಬರ

ಯೂರೋಪಿನ ಮಕ್ಕಳ ಬಿಡಿಕಾಸು ಕನ್ನಡನಾಡಿನ ಮಕ್ಕಳನ್ನು ತಲುಪಿದ್ದು ನಮ್ಮ ಜನ ಧಾತು-ಈಶ್ವರ ಬರವೆಂದು ಇಂದಿಗೂ ನೆನೆಯುವ ಆ ಘೋರ ಕಾಲದಲ್ಲಿ. ಮಳೆಗಳು ಮೇಲಿಂದ ಮೇಲೆ ಕೈಕೊಟ್ಟು 1876ರಿಂದ 1878ರವರೆಗೆ ಮೈಸೂರು ಸೀಮೆ ಬೆಂದುಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಈ ಅಂಕಿಗಳ ಹಿಂದೆ ಎಷ್ಟು ತೊಟ್ಟಿಲುಗಳು ಬರಿದಾದವೋ, ಎಷ್ಟು ಮಕ್ಕಳು ಹೆತ್ತವರ ಹೆಣದ ಪಕ್ಕದಲ್ಲಿ ಉಳಿದವೋ ದೇವರೇ ಬಲ್ಲ.

ವೈಸರಾಯ್ ಲಿಟ್ಟನ್‌ನ ಸರ್ಕಾರವು ಖರ್ಚು ಬಿಗಿಹಿಡಿದಿದ್ದ ಹೊತ್ತಿನಲ್ಲಿ, 1877ರ ಆಗಸ್ಟಿನಲ್ಲಿ, ಮದರಾಸಿನಿಂದ ಹೋದ ತಂತಿಯ ಮೊರೆಗೆ ಲಂಡನ್ನಿನ ಮೇಯರು ಓಗೊಟ್ಟು ನಿಧಿಯೊಂದನ್ನು ತೆರೆದರು. ಗಿರಣಿ ಕೆಲಸಗಾರರಿಂದ ಶಾಲೆಯ ಮಕ್ಕಳವರೆಗೆ ಎಲ್ಲರೂ ಕೊಟ್ಟರು. 6 ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೂಡಿತು. ಸರ್ಕಾರದ ಪರಿಹಾರ ಕಾರ್ಯದ ಕೈಗೆ ಎಟುಕದವರಿಗೆ, ಅದರಲ್ಲಿಯೂ ತಬ್ಬಲಿ ಮಕ್ಕಳ ಪೋಷಣೆಗೆ, ಈ ನಿಧಿಯ ಹಣ ವಿನಿಯೋಗವಾಯಿತು.

ಆಗ ಮೈಸೂರು ಮಿಷನ್ನು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳ ವಶದಲ್ಲಿತ್ತು. ಧರ್ಮಾಧ್ಯಕ್ಷ ಷೆವಲಿಯೇಯವರು ಅದರ ಮುಖ್ಯಸ್ಥರಾಗಿದ್ದರು. ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು 1854ರಲ್ಲೇ ಬೆಂಗಳೂರಿಗೆ ಬಂದು ನೆಲೆಸಿದ್ದರು. ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸ್ವೀಕರಿಸಿದವು. ಆ ಮಕ್ಕಳು ಬೆಳೆದಾಗ ಅವರಿಗೆ ನೆಲೆಯೊಂದು ಬೇಕಾಯಿತು. ನೆಲಮಂಗಲ ತಾಲ್ಲೂಕಿನಲ್ಲಿ ಸಿಲುವೆಪುರ, ಇಂದಿನ ಕನಕಪುರ ತಾಲ್ಲೂಕಿನಲ್ಲಿ ಮರಿಯಾಪುರ ಎಂಬ ಬೇಸಾಯದ ಹಳ್ಳಿಗಳು ಬರದ ಅನಾಥರಿಗಾಗಿಯೇ ಏರ್ಪಟ್ಟವು. ಅನಾಥಾಲಯದ ಸಾಲುಮಂಚದಿಂದ ಸ್ವಂತ ಒಲೆಯ ಕಡೆಗೆ, ಸ್ವಂತ ಉಳುಮೆಯ ಕಡೆಗೆ ನಡೆಸಿದ ಈ ಪ್ರಯತ್ನವು ವಿಶೇಷವಾಗಿ ಗಮನಾರ್ಹ. ದಾನದ ಹಣ ಎಲ್ಲಿಗೆ ಮುಟ್ಟಬೇಕೆಂಬುದನ್ನು ಅಂದಿನ ಗುರುಗಳು ಚೆನ್ನಾಗಿ ಅರಿತಿದ್ದರು. ಹಸಿದ ಮಗುವನ್ನು ಜೀವಂತ ಉಳಿಸುವುದು ಮೊದಲನೆಯ ಹೆಜ್ಜೆ. ಅದನ್ನು ಯಾರ ಹಂಗೂ ಇಲ್ಲದ ಮನುಷ್ಯನನ್ನಾಗಿ ಮಾಡುವುದು ಕೊನೆಯ ಹೆಜ್ಜೆ.

ಬರಗಾಲದ ಅನಾಥರಿಗೆ ಅನ್ನದೊಡನೆ ಮತವನ್ನೂ ಕೊಟ್ಟರೆಂಬ ಆಕ್ಷೇಪಣೆ ಅಂದಿನಿಂದ ಕೇಳಿಬಂದಿದೆ. ಮಗುವಿನ ಮೂಲದ ಭಾಷೆ, ಧರ್ಮ, ಬಂಧುಬಳಗ ಇವುಗಳನ್ನು ಗೌರವಿಸಬೇಕೆಂಬುದು ಇಂದು ಲೋಕವೆಲ್ಲ ಒಪ್ಪಿದ ನೀತಿ. ಅಂದಿನ ಸೇವಕರ ತ್ಯಾಗವನ್ನು ಕೊಂಡಾಡುವ ನಾವು ಈ ನೀತಿಯನ್ನೂ ಮನಃಪೂರ್ವಕವಾಗಿ ಅಂಗೀಕರಿಸಬೇಕಾಗಿದೆ.

ಕರುಣೆಯಿಂದ ಕಾನೂನಿಗೆ

ತಬ್ಬಲಿಗೆ ಅನ್ನ ಕೊಡುವುದು ಒಂದು ಕೆಲಸ. ತಂದೆತಾಯಿ ಇದ್ದೂ ಅವರ ಕೈಯಿಂದಲೇ ಹಿಂಸೆಪಡುವ ಮಗುವನ್ನು ಬಿಡಿಸುವುದು ಬೇರೊಂದು ಕೆಲಸ; ಇದಕ್ಕೆ ಕಾನೂನಿನ ಬಲ ಬೇಕು. ಆ ಬಲ ಹುಟ್ಟಿದ್ದೂ ದಾನದಿಂದಲೇ. 1884ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವ ಸಂಘವೊಂದು ಸ್ಥಾಪಿತವಾಯಿತು. ಅದರ ಪ್ರವರ್ತಕರಲ್ಲಿ ಪ್ರಾಟೆಸ್ಟೆಂಟ್ ಬೋಧಕ ಬೆಂಜಮಿನ್ ವಾ ಅವರ ಜೊತೆಗೆ ನಮ್ಮ ಧರ್ಮಸಭೆಯ ಕಾರ್ಡಿನಲ್ ಮ್ಯಾನಿಂಗರೂ ಇದ್ದರು. ಇಬ್ಬರೂ ಕೂಡಿ 1886ರಲ್ಲಿ ಬರೆದ ಲೇಖನವು ಜನರ ಕಣ್ಣು ತೆರೆಸಿತು. ಚಂದಾಹಣದಿಂದ ಆ ಸಂಘವು ಪರಿವೀಕ್ಷಕರನ್ನು ನೇಮಿಸಿ, ಬೀದಿಬೀದಿಗೆ ಕಳುಹಿಸಿ, ಮೊಕದ್ದಮೆಗಳನ್ನು ಹೂಡಿ, ಸಾಕ್ಷ್ಯಗಳನ್ನು ಕಲೆಹಾಕಿತು. ಅದರ ಫಲವಾಗಿ 1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವ ಕಾಯಿದೆಯನ್ನು ಮಾಡಿತು. ಆ ಸಂಘಕ್ಕೆ ಇಂದಿಗೂ ಕಾನೂನಿನ ಅಧಿಕಾರವುಂಟು. ಆದರೂ ಅದರ ಆದಾಯದ ಬಹುಪಾಲು ಜನರ ದೇಣಿಗೆಯೇ.

ನಮ್ಮ ದೇಶದಲ್ಲಿಯೂ ಕಾನೂನು ನಿಧಾನವಾಗಿ ಬೆಳೆದುಬಂದಿತು. ಮದರಾಸು ಪ್ರಾಂತ್ಯದಲ್ಲಿ 1920ರಲ್ಲೇ ಮಕ್ಕಳ ಕಾಯಿದೆಯಾಯಿತು. 1960ರಲ್ಲಿ ಅನಾಥಾಲಯಗಳ ಮೇಲ್ವಿಚಾರಣೆಗೆ ಕೇಂದ್ರ ಶಾಸನ ಬಂದಿತು. ಬಾಲನ್ಯಾಯದ ಕಾಯಿದೆಗಳು 1986ರಲ್ಲಿ, 2000ದಲ್ಲಿ, 2015ರಲ್ಲಿ ಒಂದರ ಬಳಿಕ ಒಂದು ಬಂದವು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಇಂದು ಮಕ್ಕಳ ಕಲ್ಯಾಣ ಸಮಿತಿಗಳಿವೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಿವೆ.

ಈ ಕಾನೂನುಗಳಿಗೆ ಕೈಕಾಲು ಕೊಟ್ಟವರಲ್ಲಿ ದಾನದಿಂದ ನಡೆಯುವ ಸಂಸ್ಥೆಗಳು ಮುಂದಿದ್ದವು. ಬೆಂಗಳೂರಿನಲ್ಲಿ ಸಲೇಷಿಯನ್ ಸಭೆಯವರು 1980ರಲ್ಲಿ ಬಾಸ್ಕೊ ಸಂಸ್ಥೆಯ ಮೂಲಕ ರೈಲ್ವೆ ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಅಲೆಯುವ ಬಾಲಕರ ನಡುವೆ ಕೆಲಸಕ್ಕಿಳಿದರು. 1996ರಲ್ಲಿ ಮುಂಬಯಿಯಲ್ಲಿ ಜೆರೂ ಬಿಲಿಮೋರಿಯಾ ಅವರು ಆರಂಭಿಸಿದ 1098 ಎಂಬ ಮಕ್ಕಳ ಸಹಾಯವಾಣಿಯು ಸ್ವಯಂಸೇವಾ ಸಂಸ್ಥೆಗಳ ಹೆಗಲೇರಿ ದೇಶವೆಲ್ಲ ಹರಡಿತು. ಬೆಂಗಳೂರಿನಲ್ಲಿ ಬಾಸ್ಕೊ ಸಂಸ್ಥೆಯೂ ಅದಕ್ಕೆ ಹೆಗಲು ಕೊಟ್ಟಿತು. 2023ರಲ್ಲಿ ಅದರ ಆಡಳಿತವನ್ನು ಸರ್ಕಾರಗಳೇ ವಹಿಸಿಕೊಂಡು 112 ಎಂಬ ತುರ್ತು ಕರೆಯ ವ್ಯವಸ್ಥೆಯೊಡನೆ ಜೋಡಿಸಿವೆ. ಪ್ಯಾರಿಸ್ಸಿನ 1670ನೆಯ ವರ್ಷದ ಕಥೆಯೇ ಇಲ್ಲಿ ಮರುಕಳಿಸಿತೆನ್ನಬಹುದು.

ನಮ್ಮ ಕಾಲದ ಹೊಣೆ

ಸರ್ಕಾರ ವಹಿಸಿಕೊಂಡ ಮೇಲೆ ಕಾಣಿಕೆಯ ಪೆಟ್ಟಿಗೆಗೆ ಕೆಲಸವೇನು ಎಂದು ಕೆಲವರು ಕೇಳಬಹುದು. ಇದಕ್ಕೆ 2015ರ ಬಾಲನ್ಯಾಯ ಕಾಯಿದೆಯೇ ಉತ್ತರ ಕೊಟ್ಟಿದೆ. ರಾಜ್ಯ ಸರ್ಕಾರವು ಮಕ್ಕಳಿಗಾಗಿ ನಿಧಿಯೊಂದನ್ನು ಸ್ಥಾಪಿಸಬಹುದೆಂದೂ ಅದಕ್ಕೆ ಯಾವ ವ್ಯಕ್ತಿಯೂ ಸಂಸ್ಥೆಯೂ ಸ್ವ-ಇಚ್ಛೆಯಿಂದ ದೇಣಿಗೆ ಸಲ್ಲಿಸಬಹುದೆಂದೂ ಅದರ 105ನೆಯ ಕಲಮು ಹೇಳುತ್ತದೆ. ಕಾನೂನು ತಾನೇ ಜನರ ಕಾಣಿಕೆಗೆ ಜಾಗ ಬಿಟ್ಟಿದೆ. ಸರ್ಕಾರದ ಅನುದಾನ ತಡವಾದಾಗ, ಮಧ್ಯರಾತ್ರಿಯಲ್ಲಿ ಮಗುವೊಂದು ಬಾಗಿಲಿಗೆ ಬಂದಾಗ, ಹಾಲಿಗೂ ಔಷಧಿಗೂ ಮಂಜೂರಾತಿಯ ಕಾಗದಕ್ಕಾಗಿ ಕಾಯಲಾಗದು. ಆ ಮೊದಲ ರಾತ್ರಿಯ ಖರ್ಚು ಎಂದಿಗೂ ಅಕ್ಕಪಕ್ಕದವರದೇ.

ಹೊರದೇಶದ ಕಾಸನ್ನು ನೆಚ್ಚಿ ಕುಳಿತುಕೊಳ್ಳುವ ಕಾಲವೂ ಕಳೆದಿದೆ. ವಿದೇಶೀ ದೇಣಿಗೆಯ ನಿಯಂತ್ರಣಕ್ಕೆ 1976ರಲ್ಲಿ ಬಂದ ಕಾಯಿದೆಯ ಸ್ಥಾನದಲ್ಲಿ 2010ರಲ್ಲಿ ಹೊಸದು ಬಂದಿತು. 2020ರ ತಿದ್ದುಪಡಿಯು ಹಾಗೆ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚವನ್ನು ಶೇಕಡ 20ಕ್ಕೆ ಮಿತಗೊಳಿಸಿತು. ಸಿಲುವೆಪುರದ ಕಾಲದಲ್ಲಿ ಫ್ರಾನ್ಸಿನ ಮಕ್ಕಳು ನಮ್ಮ ಮಕ್ಕಳಿಗಾಗಿ ಸೂ ಕೂಡಿಸಿದರು. ಇಂದು ನಮ್ಮ ಊರಿನ ಮಗುವಿಗೆ ನಮ್ಮ ಊರೇ ಕೊಡಬೇಕಾಗಿದೆ. ಇದನ್ನು ನಾವು ಸಂಕಟವೆನ್ನದೆ ಪ್ರಾಯಕ್ಕೆ ಬಂದ ಮಗನು ಮನೆಯ ಭಾರ ಹೊರುವಂತೆ ಎಂದು ಭಾವಿಸುವುದು ಯೋಗ್ಯ.

ಕೊಡುವಾಗ ಚರಿತ್ರೆ ಕಲಿಸಿದ ಪಾಠಗಳನ್ನು ಮರೆಯಬಾರದು. ಮೊದಲನೆಯದು, ಮಗುವಿಗೆ ಮನೆಯೇ ಮೊದಲು, ಆಶ್ರಮ ಕೊನೆಗೆ. ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಬಡತನದ ದೆಸೆಯಿಂದಲೇ ಮಗುವನ್ನು ಅನಾಥಾಲಯಕ್ಕೆ ಒಪ್ಪಿಸಲು ಬಂದರೆ, ಅನಾಥಾಲಯಕ್ಕೆ ಕೊಡುವ ಹಣವನ್ನು ಆ ತಾಯಿಗೇ ಕೊಟ್ಟರೆ ಮಗು ತಬ್ಬಲಿಯಾಗುವುದೇ ಇಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವಕ್ಕೆ ಅವಕಾಶವಿದೆ. ಅರ್ಜಿ ಬರೆಯಲಾರದ ತಾಯಿಗೆ ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಮಂಜೂರಾಗುವವರೆಗೆ ಅಕ್ಕಿಬೇಳೆ ಒದಗಿಸುವುದು, ಇವೆಲ್ಲ ಓಜಾನಾಮರ ದಾರಿಯಲ್ಲಿ ನಡೆಯುವವರ ಕೆಲಸ.

ಎರಡನೆಯದು ಲೆಕ್ಕ ಮತ್ತು ದಾಖಲೆ. ಫ್ಲಾರೆನ್ಸಿನ ದಫ್ತರದಲ್ಲಿ ಆಗತಳ ಹೆಸರು ಬರೆದಂತೆ ಪ್ರತಿ ಮಗುವಿನ ಹೆಸರೂ ದಾಖಲಾಗಬೇಕು. ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳೆಲ್ಲ ನೋಂದಣಿಯಾಗಬೇಕೆಂಬುದು 2015ರ ಕಾಯಿದೆಯ ನಿಯಮ. ಅದನ್ನು 2017ರೊಳಗೆ ಪೂರೈಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆ ವರ್ಷವೇ ಆದೇಶಿಸಿತು. ದಾನ ಮಾಡುವವನು ನೋಂದಣಿಯ ಪತ್ರ ತೋರಿಸಿರೆಂದು ಕೇಳಿದರೆ ಅದು ಅವಿಶ್ವಾಸವಲ್ಲ, ಮಗುವಿನ ಪರವಾದ ಕರ್ತವ್ಯ. ಎತ್ತಿದ ಹಣದ ಲೆಕ್ಕವನ್ನು ಪೂಜೆಯ ಕೊನೆಯಲ್ಲಿ ಭಕ್ತರಿಗೆ ಓದಿಹೇಳುವುದೂ ಅಷ್ಟೇ ಅಗತ್ಯ.

ಮೂರನೆಯದು ಮಗುವಿನ ಮಾನ. ಹರಿದ ಅಂಗಿಯ ಮಗುವಿನ ಭಾವಚಿತ್ರವನ್ನು ಅಚ್ಚುಹಾಕಿ ದಾನ ಬೇಡುವ ಪದ್ಧತಿ ಬಹುಕಾಲ ನಡೆದುಬಂದಿತು. ರಕ್ಷಣೆಗೆ ಒಳಗಾದ ಮಗುವಿನ ಹೆಸರು, ವಿಳಾಸ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು ಕಾಯಿದೆಯ 74ನೆಯ ಕಲಮು ವಿಧಿಸಿದೆ. ಇಂದಿನ ಮಗು ನಾಳೆ ಬೆಳೆದು ಮದುವೆಯಾಗಿ ಇದೇ ಊರಿನಲ್ಲಿ ಬಾಳಬೇಕಾದವನು. ಅವನ ಬಾಲ್ಯದ ದುಃಖ ನಮ್ಮ ಕರಪತ್ರದ ಅಲಂಕಾರವಾಗಕೂಡದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಉಪದೇಶವನ್ನು ಕೇಳುತ್ತ ಬೆಳೆದ ನಮಗೆ ಇದು ಹೊಸ ಮಾತೇನೂ ಅಲ್ಲ.

ನಾಲ್ಕನೆಯದು, ಹಣ ಕೊಟ್ಟ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು, ಅದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ದೇವಾಲಯದ ಆವರಣದಲ್ಲೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕೆಂಬುದು ಪೋಕ್ಸೊ ಕಾಯಿದೆಯ ಕಟ್ಟಳೆ. ಲೋಕದ ನಾನಾ ಕಡೆಗಳಲ್ಲಿ ಧರ್ಮಸಭೆಯ ಒಳಗೇ ಮಕ್ಕಳಿಗೆ ಅನ್ಯಾಯವಾದದ್ದನ್ನೂ ಅದನ್ನು ಮುಚ್ಚಿಟ್ಟದ್ದನ್ನೂ ಜಗದ್ಗುರುಗಳೇ ನೋವಿನಿಂದ ಒಪ್ಪಿಕೊಂಡಿದ್ದಾರೆ. 2014ರಲ್ಲಿ ಪೋಪ್ ಫ್ರಾನ್ಸಿಸರು ಅಪ್ರಾಪ್ತವಯಸ್ಕರ ರಕ್ಷಣೆಗಾಗಿ ಒಂದು ಆಯೋಗವನ್ನೇ ನೇಮಿಸಿದರು. ಕಾಣಿಕೆ ಹಾಕಿದ ಕೈ, ಬೇಕಾದಾಗ 1098ಕ್ಕೆ ಕರೆಮಾಡಲು ಹಿಂಜರಿಯಬಾರದು.

ಶತಮಾನೋತ್ಸವದ ಹೆಸರಿನಲ್ಲಿ ಹಣ ಎತ್ತುವ ಈ ಸಂದರ್ಭದಲ್ಲಿ ಗೋಪುರಕ್ಕೆ ಬಣ್ಣ, ಪೀಠಕ್ಕೆ ಅಮೃತಶಿಲೆ, ಅಂಗಳಕ್ಕೆ ಹೊಸ ಕಮಾನು ಎಂಬ ಸಲಹೆಗಳು ಬರುವುದು ಸಹಜ. ದೇವರ ಮನೆ ಚೆಲುವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿಧಿಯ ಒಂದು ಪಾಲನ್ನು ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗಿನ ಮಕ್ಕಳಿಗಾಗಿ, ಅವರು ಯಾವ ಮತದವರೇ ಆಗಲಿ, ಬೇರೆಯಾಗಿ ತೆಗೆದಿಡಬೇಕೆಂದು ನಾವು ಭಕ್ತವೃಂದವನ್ನು ಸವಿನಯವಾಗಿ ಪ್ರಾರ್ಥಿಸುತ್ತೇವೆ. ಅದು ದೊಡ್ಡ ಮೊತ್ತವಾಗಬೇಕಾಗಿಲ್ಲ. ಕಾರ್ಥೇಜಿನ ಪೆಟ್ಟಿಗೆಯಂತೆ ತಿಂಗಳಿಗೊಮ್ಮೆ, ಚಾವರರ ಹಿಡಿಯಕ್ಕಿಯಂತೆ ಕೈಲಾದಷ್ಟು, ನಿಲ್ಲದೆ ಬಂದರೆ ಸಾಕು.

ಶಿಶುಗಳನ್ನು ಬಳಿಗೆ ಕರೆದು ಆಶೀರ್ವದಿಸಿದ ಪ್ರಭು ಯೇಸುಕ್ರಿಸ್ತರು ಈ ನಿಧಿಗೆ ಕೊಡುವವರ ಮನಸ್ಸನ್ನೂ ಅದನ್ನು ನಿರ್ವಹಿಸುವವರ ಕೈಯನ್ನೂ ಶುದ್ಧವಾಗಿರಿಸಲಿ. ಎರಡನೆಯ ಶತಮಾನೋತ್ಸವದ ಸಂಚಿಕೆಯನ್ನು ಬರೆಯುವವರು ನಮ್ಮ ಲೆಕ್ಕದ ಪುಸ್ತಕವನ್ನು ತೆರೆದಾಗ ಅದರಲ್ಲಿ ಮಕ್ಕಳ ಬಾಬ್ತಿನ ಪುಟವು ಖಾಲಿಯಾಗಿರದಿರಲಿ.